ನಾರ್ದರ್ನ್ ಲೈನ್ ಎರಡಾಗಬೇಕೇ? ಉತ್ತರ ಇರುವುದು ಕ್ಯಾಮ್ಡೆನ್ ಟೌನಿನ ಇಕ್ಕಟ್ಟಿನಲ್ಲಿ

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಹಳೆಯ ಬೆಂಗಳೂರು ರಾತ್ರಿ ರೈಲು ಚೆನ್ನಾಗಿ ನೆನಪಿರುತ್ತದೆ. ಕಣ್ಣೂರಿಗೆ ಹೋಗುವ ಬೋಗಿಗಳೂ ಕಾರವಾರಕ್ಕೆ ಬರುವ ಬೋಗಿಗಳೂ ಒಂದೇ ರೈಲಾಗಿ ಘಟ್ಟ ಇಳಿಯುತ್ತಿದ್ದವು. ಮಂಗಳೂರಿನಲ್ಲಿ ಅದು ಎರಡು ತುಂಡಾಗುತ್ತಿತ್ತು. ಅಷ್ಟು ಹೊತ್ತು ನಾವು ಬೋಗಿಯಲ್ಲೇ ಕೂತು, ಚಾ ಕುಡಿದು, ಎಂಜಿನ್ ಯಾವಾಗ ಬರುತ್ತದೋ ಅಂತ ಕಾಯಬೇಕಿತ್ತು. 2020ರ ಮಾರ್ಚ್‌ನಲ್ಲಿ ಕಾರವಾರಕ್ಕೇ ಬೇರೆ ರೈಲು ಬಂತು. ಅದು ಪಡೀಲ್ ಬೈಪಾಸ್ ಹಿಡಿದು ನೇರ ಉಡುಪಿ ಕಡೆ ತಿರುಗುತ್ತದೆ. ಇವತ್ತಿನ ಪಂಚಗಂಗಾ ಎಕ್ಸ್‌ಪ್ರೆಸ್ ಅದೇ.

ಹಳೆಯ ಏರ್ಪಾಡು ಮತ್ತೆ ಬೇಕು ಅಂದವರನ್ನು ನಾನಂತೂ ನೋಡಿಲ್ಲ. ಆದರೆ ಆ ಬದಲಾವಣೆಗೂ ಒಂದು ಬೆಲೆ ಇತ್ತು. ಹೊಸ ರೈಲು ಮಂಗಳೂರಿನ ಒಳಗೆ ಹೋಗುವುದಿಲ್ಲ. ಮಂಗಳೂರಿನ ಆಸ್ಪತ್ರೆಗೆ ಹೊರಟ ನಮ್ಮವರು ಬೇರೆ ರೈಲು ನೋಡಿಕೊಳ್ಳಬೇಕಾಯಿತು. ಕೂಡಿಸಿದ ರೈಲನ್ನು ಬಿಡಿಸಿದಾಗ ಹೆಚ್ಚಿನವರಿಗೆ ಹೊತ್ತು ಉಳಿಯುತ್ತದೆ, ಕೆಲವರಿಗೆ ನೇರ ದಾರಿ ತಪ್ಪುತ್ತದೆ. ಈ ಲೆಕ್ಕವನ್ನೇ ಲಂಡನ್ ನಗರ ಬಹಳ ವರ್ಷಗಳಿಂದ ತನ್ನ ಮೆಟ್ರೋದ ನಾರ್ದರ್ನ್ ಲೈನ್ ವಿಷಯದಲ್ಲಿ ಹಾಕುತ್ತಾ ಬಂದಿದೆ. ಅಲ್ಲಿ ಇದು ದಿನಕ್ಕೊಂದು ರೈಲಿನ ಪ್ರಶ್ನೆ ಅಲ್ಲ. ಎರಡು ಮೂರು ನಿಮಿಷಕ್ಕೊಂದು ರೈಲು ಓಡುವ ಸುರಂಗದ ಪ್ರಶ್ನೆ.

ಮೊದಲು ಆ ಲೈನಿನ ಆಕಾರ ಕಣ್ಣ ಮುಂದೆ ತಂದುಕೊಳ್ಳಿ. ಲಂಡನ್ ನಕ್ಷೆಯಲ್ಲಿ ಕಪ್ಪು ಬಣ್ಣದ ಗೆರೆ ಅದು. ಉತ್ತರದಲ್ಲಿ ಎರಡು ಕವಲು: ಒಂದು ಎಜ್‌ವೇರ್‌ನಿಂದ, ಇನ್ನೊಂದು ಹೈ ಬಾರ್ನೆಟ್‌ನಿಂದ. ಎರಡೂ ಕ್ಯಾಮ್ಡೆನ್ ಟೌನ್ ಎಂಬಲ್ಲಿ ಸೇರುತ್ತವೆ. ಸೇರಿದ ಕೂಡಲೇ ಮತ್ತೆ ಎರಡಾಗುತ್ತವೆ. ಒಂದು ದಾರಿ ಬ್ಯಾಂಕ್ ನಿಲ್ದಾಣದ ಮೇಲೆ, ಅಂದರೆ ಹಣಕಾಸಿನ ಕಚೇರಿಗಳಿರುವ ಹಳೆಯ ನಗರದ ಕಡೆ. ಇನ್ನೊಂದು ಚಾರಿಂಗ್ ಕ್ರಾಸ್ ಮೇಲೆ, ಅಂಗಡಿ, ನಾಟಕಮಂದಿರ, ಸರಕಾರಿ ಕಚೇರಿಗಳ ಕಡೆ. ನದಿ ದಾಟಿದ ಮೇಲೆ ಕೆನ್ನಿಂಗ್ಟನ್‌ನಲ್ಲಿ ಈ ಎರಡು ದಾರಿಗಳು ಮತ್ತೆ ಭೇಟಿಯಾಗುತ್ತವೆ. ಅಲ್ಲಿಂದ ಹಳೆಯ ಗೆರೆ ಮಾರ್ಡನ್‌ಗೆ, 2021ರ ಹೊಸ ಗೆರೆ ಬ್ಯಾಟರ್‌ಸೀಗೆ. ಒಟ್ಟು ಸುಮಾರು 58 ಕಿಲೋಮೀಟರ್, 52 ನಿಲ್ದಾಣ.

ಹಾಗಾಗಿ ಉತ್ತರದ ಕಡೆ ನಾಲ್ಕು ಬಗೆಯ ರೈಲುಗಳು ಓಡುತ್ತವೆ. ಎಜ್‌ವೇರ್‌ನಿಂದ ಬ್ಯಾಂಕ್, ಎಜ್‌ವೇರ್‌ನಿಂದ ಚಾರಿಂಗ್ ಕ್ರಾಸ್, ಬಾರ್ನೆಟ್‌ನಿಂದ ಬ್ಯಾಂಕ್, ಬಾರ್ನೆಟ್‌ನಿಂದ ಚಾರಿಂಗ್ ಕ್ರಾಸ್. ಪ್ರಯಾಣಿಕನಿಗೆ ಇದು ಅನುಕೂಲವೇ. ಎಲ್ಲಿ ಹತ್ತಿದರೂ ಎಲ್ಲ ಕಡೆಗೂ ನೇರ ರೈಲು ಸಿಗುತ್ತದೆ, ಸ್ವಲ್ಪ ಕಾದರೆ ಸಾಕು. ಪ್ರಸ್ತಾಪ ಇಷ್ಟೇ: ಈ ಕಲಬೆರಕೆ ನಿಲ್ಲಿಸಿ. ಉತ್ತರದ ಒಂದು ಕವಲಿಗೆ ನಡುವಿನ ಒಂದೇ ದಾರಿ. ಒಂದು ಲೈನ್ ಮಾರ್ಡನ್ ತನಕ, ಇನ್ನೊಂದು ಬ್ಯಾಟರ್‌ಸೀ ತನಕ. ಒಂದರ ರೈಲು ಇನ್ನೊಂದರ ಹಳಿಗೆ ಕಾಲಿಡಬಾರದು.

ಇದು ಇಷ್ಟು ಜಟಿಲವಾಗಲು ಕಾರಣ ಇತಿಹಾಸ. ಮೊದಲಿಗೆ ಇವು ಎರಡು ಬೇರೆ ಕಂಪನಿಗಳ ರೈಲುಗಳೇ ಆಗಿದ್ದವು. 1890ರಲ್ಲಿ ಶುರುವಾದ ಸಿಟಿ ಆ್ಯಂಡ್ ಸೌತ್ ಲಂಡನ್ ರೈಲ್ವೆ ನೆಲದ ಆಳದಲ್ಲಿ ವಿದ್ಯುತ್ತಿನಿಂದ ಓಡಿದ ಜಗತ್ತಿನ ಮೊದಲ ದೊಡ್ಡ ಸುರಂಗ ರೈಲು. ಇವತ್ತಿನ ಬ್ಯಾಂಕ್ ದಾರಿಯ ಮೂಲ ಅದು. ಇನ್ನೊಂದು ಕಂಪನಿ 1907ರಲ್ಲಿ ಚಾರಿಂಗ್ ಕ್ರಾಸ್‌ನಿಂದ ಉತ್ತರದ ಹ್ಯಾಂಪ್‌ಸ್ಟೆಡ್ ಕಡೆಗೆ ಸುರಂಗ ಕೊರೆಯಿತು. ಇವೆರಡನ್ನೂ 1924ರಲ್ಲಿ ಕ್ಯಾಮ್ಡೆನ್‌ನಲ್ಲೂ 1926ರಲ್ಲಿ ಕೆನ್ನಿಂಗ್ಟನ್‌ನಲ್ಲೂ ಜೋಡಿಸಿದರು. ನಾರ್ದರ್ನ್ ಲೈನ್ ಎಂಬ ಹೆಸರು ಬಂದದ್ದು 1937ರಲ್ಲಿ.

ಕ್ಯಾಮ್ಡೆನ್ ಟೌನ್ ನಿಲ್ದಾಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಇಡೀ ವಾದ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಮೇಲೆ ಎರಡು ರಸ್ತೆಗಳು ಕವಲೊಡೆಯುತ್ತವೆ. ಕೆಳಗೆ ಸುರಂಗಗಳೂ ಅದೇ ರಸ್ತೆಗಳ ಅಡಿಯಲ್ಲೇ ಸಾಗುತ್ತವೆ. ಸುರಂಗ ತೋಡುವಾಗ ಮನೆ, ಅಂಗಡಿಗಳ ಅಡಿಗೆ ಹೋದರೆ ಜಾಗದ ಮಾಲೀಕರಿಗೆ ಪರಿಹಾರ ಕೊಡಬೇಕಿತ್ತು. ರಸ್ತೆಯ ಅಡಿಯಲ್ಲೇ ಇದ್ದರೆ ಆ ಖರ್ಚಿಲ್ಲ. ಹೆದ್ದಾರಿ 66ರ ಅಗಲೀಕರಣ ನೋಡಿದ ನಮಗೆ ಈ ತಾಪತ್ರಯ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ರಸ್ತೆಗಳು ಇಕ್ಕಟ್ಟು. ಹೋಗುವ ಸುರಂಗ, ಬರುವ ಸುರಂಗ ಪಕ್ಕಪಕ್ಕದಲ್ಲಿ ಹಿಡಿಸಲಿಲ್ಲ. ಹಾಗಾಗಿ ಒಂದರ ಮೇಲೊಂದು ಕಟ್ಟಿದರು. ಉತ್ತರಕ್ಕೆ ಹೋಗುವುದು ಮೇಲೆ, ದಕ್ಷಿಣಕ್ಕೆ ಬರುವುದು ಕೆಳಗೆ. ಎರಡು ಕವಲಿಗೂ ಇದೇ ಬಗೆ. ಒಟ್ಟು ನಾಲ್ಕು ಪ್ಲಾಟ್‌ಫಾರ್ಮ್. ಅವುಗಳ ನಡುವೆ ಸಣ್ಣ ಸಣ್ಣ ಅಡ್ಡ ದಾರಿಗಳು, ಮೆಟ್ಟಿಲುಗಳು.

1924ರಲ್ಲಿ ಇಲ್ಲಿ ಸುರಂಗಗಳನ್ನು ಜೋಡಿಸಿದ ಎಂಜಿನಿಯರುಗಳ ಕೆಲಸಕ್ಕೆ ಇವತ್ತಿಗೂ ಕೈ ಮುಗಿಯಬೇಕು. ಯಾವ ಕವಲಿನ ರೈಲು ಬೇಕಾದರೂ ಯಾವ ದಾರಿಗೆ ಬೇಕಾದರೂ ಹೋಗಬಹುದು. ಆದರೂ ಎದುರಿನಿಂದ ಬರುವ ರೈಲಿನ ಹಳಿಯನ್ನು ಎಲ್ಲೂ ಅಡ್ಡ ದಾಟುವುದಿಲ್ಲ. ಎಲ್ಲವೂ ಮೇಲೆ ಕೆಳಗೆ ನುಸುಳಿ ಹೋಗುತ್ತವೆ.

ಹಾಗಾದರೆ ತೊಂದರೆ ಏನು? ಅಡ್ಡ ದಾಟದಿದ್ದರೂ ಒಂದೇ ಹಳಿಗೆ ಎರಡು ಕಡೆಯ ರೈಲುಗಳು ಸೇರಲೇಬೇಕು. ಬಾರ್ನೆಟ್‌ನಿಂದ ಬಂದ ರೈಲು ಬ್ಯಾಂಕ್ ದಾರಿಗೆ ಇಳಿಯುವ ಹೊತ್ತಿಗೆ ಎಜ್‌ವೇರ್‌ನಿಂದ ಬ್ಯಾಂಕ್‌ಗೆ ಹೋಗುವ ರೈಲು ತನ್ನ ಸರದಿಗೆ ಸರಿಯಾಗಿ ಬಂದಿರಬೇಕು. ಅದು ಅರ್ಧ ನಿಮಿಷ ತಡವಾದರೆ ಇದು ನಿಲ್ಲುತ್ತದೆ. ಇದು ನಿಂತರೆ ಇದರ ಹಿಂದಿನದು ನಿಲ್ಲುತ್ತದೆ. ಹಿಂದಿನದು ಹೋಗಬೇಕಾದ್ದು ಚಾರಿಂಗ್ ಕ್ರಾಸ್‌ಗೆ ಆಗಿರಬಹುದು, ಅದರ ದಾರಿ ಖಾಲಿ ಇರಬಹುದು. ಆದರೂ ಮುಂದಿನದು ಸರಿಯದೆ ಅದಕ್ಕೆ ಗತಿ ಇಲ್ಲ. ಕೊಂಕಣ ರೈಲ್ವೆಯಲ್ಲಿ ಕ್ರಾಸಿಂಗ್‌ಗೆ ಅಂತ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ನಿಂತವರಿಗೆ ಇದು ಗೊತ್ತು. ಎಲ್ಲೋ ರತ್ನಾಗಿರಿ ಕಡೆ ಆದ ತಡವನ್ನು ಕುಮಟಾದವರು ಅನುಭವಿಸುತ್ತಾರೆ. ಲಂಡನ್ನಿನಲ್ಲಿ ಎದುರಿನ ರೈಲಿಗೆ ಕಾಯುವುದಿಲ್ಲ, ಪಕ್ಕದ ರೈಲಿಗೆ ಕಾಯುತ್ತಾರೆ ಅಷ್ಟೆ. ಮಾರ್ಡನ್ ಕಡೆ ಆದ ತಡ ಎಜ್‌ವೇರ್‌ನವರಿಗೂ ಬಾರ್ನೆಟ್‌ನವರಿಗೂ ಒಟ್ಟಿಗೇ ಹಂಚಿಹೋಗುತ್ತದೆ.

ಸಿಗ್ನಲ್ ಚೆನ್ನಾಗಿ ಮಾಡಿದರೆ ಸಾಲದೇ ಅಂತ ಕೇಳಬಹುದು. ಅದನ್ನೂ ಮಾಡಿದ್ದಾರೆ. 2014ರ ಹೊತ್ತಿಗೆ ಇಡೀ ಲೈನಿಗೆ ಹೊಸ ಸಿಗ್ನಲ್ ಬಂತು. ರೈಲು ತಾನೇ ಓಡಿ ತಾನೇ ನಿಲ್ಲುತ್ತದೆ. ಚಾಲಕ ಬಾಗಿಲು ನೋಡಿಕೊಳ್ಳುತ್ತಾನೆ. ಅಷ್ಟಾದರೂ ನಡುವಿನ ಒಂದೊಂದು ದಾರಿಯಲ್ಲಿ ದಟ್ಟಣೆ ಹೊತ್ತಿನಲ್ಲಿ ತಾಸಿಗೆ ಓಡುವುದು ಸುಮಾರು 24 ರೈಲು. ಅದೇ ಊರಿನ ವಿಕ್ಟೋರಿಯಾ ಲೈನ್ 2017ರಿಂದ ತಾಸಿಗೆ 36 ರೈಲು ಓಡಿಸುತ್ತಿದೆ, 100 ಸೆಕೆಂಡಿಗೊಂದು. ವಿಕ್ಟೋರಿಯಾ ಲೈನಿಗೆ ಕವಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿ, ಅಷ್ಟೇ. ನಾರ್ದರ್ನ್ ಲೈನನ್ನು ಬಿಡಿಸಿದರೆ ಒಂದೊಂದರಲ್ಲೂ 30ಕ್ಕೂ ಜಾಸ್ತಿ ಓಡಿಸಬಹುದು ಎನ್ನುವುದು ಈ ಯೋಜನೆಯ ಮುಖ್ಯ ಆಕರ್ಷಣೆ. ಹೊಸ ಸುರಂಗ ಕೊರೆಯದೆ ಇಷ್ಟು ಸಿಗುವುದು ಸಣ್ಣ ಮಾತಲ್ಲ.

ಈಗ ಪ್ರಯಾಣಿಕನ ಕಡೆಯಿಂದ ಒಂದು ಲೆಕ್ಕ. ಇದು ತಿಳಿಯಲಿ ಅಂತ ನಾನು ಹಾಕಿದ ಸುಲಭದ ಸಂಖ್ಯೆಗಳು, ಅಲ್ಲಿನ ವೇಳಾಪಟ್ಟಿಯಲ್ಲ. ಎಜ್‌ವೇರ್ ಕವಲಿನ ಒಂದು ನಿಲ್ದಾಣಕ್ಕೆ ತಾಸಿಗೆ 20 ರೈಲು ಬರುತ್ತವೆ ಅಂದುಕೊಳ್ಳಿ. ಅರ್ಧ ಬ್ಯಾಂಕ್‌ಗೆ, ಅರ್ಧ ಚಾರಿಂಗ್ ಕ್ರಾಸ್‌ಗೆ. ಬ್ಯಾಂಕ್‌ಗೆ ಹೋಗುವವನಿಗೆ 6 ನಿಮಿಷಕ್ಕೊಂದು ರೈಲು. ಸರಾಸರಿ 3 ನಿಮಿಷ ಕಾಯುತ್ತಾನೆ. ಚಾರಿಂಗ್ ಕ್ರಾಸ್‌ನವನದೂ ಅದೇ ಕತೆ. ಈಗ ಲೈನ್ ಬಿಡಿಸಿ, ತಾಸಿಗೆ 30 ರೈಲು ಮಾಡಿ, ಎಲ್ಲವೂ ಚಾರಿಂಗ್ ಕ್ರಾಸ್‌ಗೆ ಅನ್ನಿ. ಚಾರಿಂಗ್ ಕ್ರಾಸ್‌ಗೆ ಹೋಗುವವನು ಕಾಯುವುದು ಸರಾಸರಿ 1 ನಿಮಿಷ. ಅವನಿಗೆ 2 ನಿಮಿಷ ಉಳಿತಾಯ. ಬ್ಯಾಂಕ್‌ಗೆ ಹೋಗುವವನು ಮೊದಲು 1 ನಿಮಿಷ ಕಾದು ಹತ್ತುತ್ತಾನೆ, ಕ್ಯಾಮ್ಡೆನ್‌ನಲ್ಲಿ ಇಳಿದು 2 ನಿಮಿಷ ನಡೆಯುತ್ತಾನೆ, ಅಲ್ಲಿ ಮತ್ತೆ 1 ನಿಮಿಷ ಕಾಯುತ್ತಾನೆ. ಒಟ್ಟು 4. ಅವನಿಗೆ ನಷ್ಟ ಒಂದೇ ನಿಮಿಷ. ಜೊತೆಗೆ ಇಳಿದು ಹತ್ತುವ ಕಿರಿಕಿರಿ. ಇನ್ನು ಬ್ಯಾಂಕ್‌ಗೂ ಹೋಗದ, ಚಾರಿಂಗ್ ಕ್ರಾಸ್‌ಗೂ ಹೋಗದ, ತನ್ನ ಕವಲಿನಲ್ಲೇ ಎರಡು ಸ್ಟೇಷನ್ ಆಚೆ ಇಳಿಯುವವನಿಗೆ ಸುಮ್ನೆ ಲಾಭ.

ಎಲ್ಲರಿಗೂ ಸಿಗುವ ಇನ್ನೊಂದು ಲಾಭವೂ ಇದೆ. ತಾಸಿಗೆ 20ರ ಬದಲು 30 ರೈಲು ಅಂದರೆ ಒಂದೂವರೆ ಪಟ್ಟು ಜಾಗ. ನಿಂತು ಹೋಗಲೂ ಜಾಗ ಸಿಗದೆ ಮುಂದಿನ ರೈಲಿಗೆ ಬಿಡುವ ಸ್ಥಿತಿ ಇದ್ದರೆ, ಕಾಗದದ ಮೇಲಿನ ಆ 3 ನಿಮಿಷ ನಿಜದಲ್ಲಿ 9, 15 ಆಗುತ್ತದೆ ಅಲ್ವಾ?

ಈ ಲೆಕ್ಕದಲ್ಲಿ ಒಂದೇ ಒಂದು ಅಂಕೆ ಮೇಲೆ ಎಲ್ಲವೂ ನಿಂತಿದೆ. ಕ್ಯಾಮ್ಡೆನ್‌ನಲ್ಲಿ ನಡೆಯುವ ಆ 2 ನಿಮಿಷ. ಅದು 2 ಆಗಿಯೇ ಉಳಿದರೆ ಬಿಡಿಸುವುದು ಸರಿ. ಜನ ತುಂಬಿ ಅದು 6 ಆದರೆ ಅರ್ಧದಷ್ಟು ಪ್ರಯಾಣಿಕರಿಗೆ ಮೋಸ ಆದಂತೆ.

ಈಗ ಅಲ್ಲಿ ಹೇಗಿದೆ ನೋಡಿ. ದಕ್ಷಿಣಕ್ಕೆ ಹೋಗಲು ಕ್ಯಾಮ್ಡೆನ್‌ನಲ್ಲಿ ಎರಡು ಪ್ಲಾಟ್‌ಫಾರ್ಮ್ ಇವೆ, ಕವಲಿಗೊಂದು. ಬ್ಯಾಂಕ್ ರೈಲು ಎರಡರಲ್ಲಿ ಯಾವುದಕ್ಕೂ ಬರಬಹುದು. ಹಾಗಾಗಿ ಜನ ಪ್ಲಾಟ್‌ಫಾರ್ಮಿಗೆ ಹೋಗದೆ ನಡುವಿನ ದಾರಿಯಲ್ಲೇ ನಿಂತು ಬೋರ್ಡ್ ನೋಡುತ್ತಾರೆ. ಮುಂದಿನ ಬ್ಯಾಂಕ್ ರೈಲು ಆ ಕಡೆ ಅಂತ ಬಂದರೆ ಆ ಕಡೆ ಓಡುತ್ತಾರೆ. ಅದೇ ಹೊತ್ತಿಗೆ ಆ ಕಡೆಯಿಂದ ಇಳಿದವರು ಎದುರು ಬರುತ್ತಾರೆ. ಮೇಲಿನ ಕ್ಯಾಮ್ಡೆನ್ ಸಂತೆ ಲಂಡನ್ನಿಗೇ ಹೆಸರುವಾಸಿ, ಶನಿವಾರ, ಭಾನುವಾರ ಜನ ಮುಗಿಬೀಳುತ್ತಾರೆ. ಹಲವು ವರ್ಷ ಭಾನುವಾರ ಮಧ್ಯಾಹ್ನ ಈ ನಿಲ್ದಾಣದಲ್ಲಿ ಹೊರಗೆ ಬರಲು ಮಾತ್ರ ಬಿಡುತ್ತಿದ್ದರು, ರಸ್ತೆಯಿಂದ ಒಳಗೆ ಹೋಗಲು ಬಿಡುತ್ತಿರಲಿಲ್ಲ. ರೈಲು ಬದಲಿಸುವವರ ಹೊರೆಯನ್ನು ಇಂಥ ಜಾಗದ ಮೇಲೆ ಇನ್ನಷ್ಟು ಹೇರುವುದು ಹೇಗೆ?

ಹಾಗಾಗಿ ಲೈನ್ ಬಿಡಿಸುವ ಯೋಜನೆ ನಿಜವಾಗಿ ಕ್ಯಾಮ್ಡೆನ್ ನಿಲ್ದಾಣ ಕಟ್ಟುವ ಯೋಜನೆ. ಎರಡು ಸಲ ಪ್ರಯತ್ನ ಆಯಿತು. ಮೊದಲ ಯೋಜನೆಯಲ್ಲಿ ನಿಲ್ದಾಣದ ಸುತ್ತಲಿನ ಕಟ್ಟಡಗಳನ್ನು ಕೆಡವಬೇಕಿತ್ತು. ಎಲೆಕ್ಟ್ರಿಕ್ ಬಾಲ್‌ರೂಮ್ ಎಂಬ ಹಳೆಯ ಸಂಗೀತ ಸಭಾಂಗಣವೂ ಅದರಲ್ಲಿ ಸೇರಿತ್ತು. ಸ್ಥಳೀಯರು ಎದ್ದು ನಿಂತರು. 2005ರಲ್ಲಿ ಸರಕಾರ ಆ ಯೋಜನೆಯನ್ನು ತಳ್ಳಿಹಾಕಿತು. ಎರಡನೆಯ ಸಲ ಜಾಣತನದಿಂದ ಹಿಂದಿನ ಬೀದಿಯಲ್ಲಿ, ಬೇರೆಡೆಗೆ ಹೋದ ಒಂದು ಶಾಲೆಯ ಜಾಗ ಆರಿಸಿಕೊಂಡರು. ಅಲ್ಲಿ ಹೊಸ ಪ್ರವೇಶ, ಹೊಸ ಎಸ್ಕಲೇಟರ್, ಲಿಫ್ಟ್, ಪ್ಲಾಟ್‌ಫಾರ್ಮುಗಳ ನಡುವೆ ಅಗಲವಾದ ದಾರಿ. ಜನರ ವಿರೋಧವೂ ಹೆಚ್ಚಿರಲಿಲ್ಲ. 2018ರ ಕೊನೆಗೆ ಲಂಡನ್ನಿನ ಸಾರಿಗೆ ಸಂಸ್ಥೆಯ ಹತ್ತಿರ ದುಡ್ಡಿಲ್ಲ ಅಂತ ಅದನ್ನೂ ಬದಿಗಿಟ್ಟರು. ನನಗೆ ಬೇಸರ ತರಿಸುವುದು ಈ ಎರಡನೆಯದು. ಮೊದಲನೆಯದನ್ನು ಊರಿನವರು ಒಪ್ಪಲಿಲ್ಲ, ಅದು ಅವರ ಹಕ್ಕು. ಎರಡನೆಯದಕ್ಕೆ ಒಪ್ಪಿಗೆಯ ವಾತಾವರಣ ಇತ್ತು, ಜಾಗ ಇತ್ತು, ನಕ್ಷೆ ಇತ್ತು.

ನಿಲ್ದಾಣ ಕಟ್ಟದೆ ಲೈನ್ ಮಾತ್ರ ಬಿಡಿಸಿದರೆ ಯಾರಿಗೆ ಹೊಡೆತ ಅನ್ನುವುದನ್ನು ನಮ್ಮ ಮನೆಯವರನ್ನೇ ಇಟ್ಟುಕೊಂಡು ನೋಡೋಣ. ಹೊನ್ನಾವರದಿಂದಲೋ ಶಿರಸಿಯಿಂದಲೋ ಆರು ತಿಂಗಳ ವೀಸಾದ ಮೇಲೆ ಮಗನ ಮನೆಗೆ ಹೋದ ಅಮ್ಮ. ಮಂಡಿ ನೋವು. ಮನೆ ಎಜ್‌ವೇರ್ ಹತ್ತಿರ, ಹೋಗಬೇಕಾದ್ದು ಬ್ಯಾಂಕ್ ಕಡೆ. ಎಜ್‌ವೇರ್‌ನಲ್ಲಿ ಲಿಫ್ಟ್ ಇದೆ. ಬ್ಯಾಂಕ್ ನಿಲ್ದಾಣದ ನಾರ್ದರ್ನ್ ಲೈನಿಗೂ ಈಗ ಲಿಫ್ಟ್ ಇದೆ. ನೇರ ರೈಲು ಇರುವ ತನಕ ಅಮ್ಮ ಒಂದು ಮೆಟ್ಟಿಲೂ ಹತ್ತದೆ ಹೋಗಿ ಬರಬಹುದು. ಗಾಲಿಕುರ್ಚಿಯಲ್ಲಿ ಕೂತವರೂ ಹೋಗಬಹುದು. ಎಜ್‌ವೇರ್ ಕವಲಿಗೆ ಚಾರಿಂಗ್ ಕ್ರಾಸ್ ದಾರಿ ಮಾತ್ರ ಅಂತಾದರೆ ಕ್ಯಾಮ್ಡೆನ್‌ನಲ್ಲಿ ಇಳಿದು ಬದಲಿಸಬೇಕು. ಕ್ಯಾಮ್ಡೆನ್‌ನಲ್ಲಿ ಲಿಫ್ಟ್ ಇಲ್ಲ. ಒಂದು ಗೆರೆಯ ಬಣ್ಣ ಬದಲಿಸಿದ್ದಕ್ಕೆ ಒಬ್ಬರ ದಾರಿಯೇ ಮುಚ್ಚಿಹೋಗುತ್ತದೆ. ಸರಾಸರಿ ನಿಮಿಷಗಳ ಲೆಕ್ಕದಲ್ಲಿ ಈ ಅಮ್ಮ ಕಾಣುವುದೇ ಇಲ್ಲ. ಅದಕ್ಕೇ ನಾನು ಅಂಥ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಲು ಒಪ್ಪುವುದಿಲ್ಲ.

ಇನ್ನೊಂದು ಕಡೆ, ಬಿಡಿಸಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಅನ್ನುವುದಕ್ಕೂ ಲಂಡನ್ನಿನಲ್ಲೇ ಸಾಕ್ಷಿ ಇದೆ. ಬೇಕರ್‌ಲೂ ಲೈನಿಗೂ ಹಿಂದೆ ಉತ್ತರದಲ್ಲಿ ಎರಡು ಕವಲು ಇದ್ದವು. 1939ರಿಂದ ಸ್ಟ್ಯಾನ್‌ಮೋರ್ ಕಡೆಯ ಕವಲಿನ ರೈಲುಗಳು ಬೇಕರ್ ಸ್ಟ್ರೀಟ್‌ನಲ್ಲಿ ಬಂದು ಸೇರುತ್ತಿದ್ದವು. ಅಲ್ಲೂ ಇದೇ ಗಂಟಲು ಕಟ್ಟುವ ಕಷ್ಟ. 1979ರಲ್ಲಿ ಆ ಕವಲನ್ನು ಬಿಡಿಸಿ, ಹೊಸ ಸುರಂಗಕ್ಕೆ ಜೋಡಿಸಿ, ಜುಬಿಲಿ ಲೈನ್ ಅಂತ ಹೆಸರಿಟ್ಟರು. ಇವತ್ತು ಅದನ್ನು ಮತ್ತೆ ಕೂಡಿಸಿ ಅನ್ನುವವರು ಯಾರಿದ್ದಾರೆ? ಆದರೆ ಬೇಕರ್ ಸ್ಟ್ರೀಟ್‌ನಲ್ಲಿ ಒಂದು ಅನುಕೂಲ ಇದೆ. ಒಂದೇ ಕಡೆಗೆ ಹೋಗುವ ಎರಡು ಲೈನಿನ ರೈಲುಗಳು ಎದುರು ಬದುರು ನಿಲ್ಲುತ್ತವೆ. ಇದರಿಂದ ಇಳಿದು ಆಚೆ ಬದಿಗೆ ನಾಲ್ಕು ಹೆಜ್ಜೆ ಇಟ್ಟರೆ ಅದು. ಮೆಟ್ಟಿಲಿಲ್ಲ, ಬೋರ್ಡ್ ನೋಡಿ ಓಡುವುದಿಲ್ಲ. ಬದಲಿಸುವುದು ಇಷ್ಟು ಸುಲಭವಾದರೆ ನೇರ ರೈಲು ಹೋಯಿತಲ್ಲ ಅಂತ ಯಾರಿಗೂ ಅಷ್ಟಾಗಿ ಅನ್ನಿಸುವುದಿಲ್ಲ. ಕ್ಯಾಮ್ಡೆನ್‌ನಲ್ಲಿ ಇಂಥದ್ದು ಸಾಧ್ಯವಿಲ್ಲ. ಸುರಂಗಗಳು ಎರಡು ರಸ್ತೆಗಳ ಅಡಿಯಲ್ಲಿ ದೂರ ದೂರ ಇವೆ.

ದಕ್ಷಿಣದ ಕಡೆ ಮಾತ್ರ ಬಿಡಿಸುವ ಕೆಲಸ ಸದ್ದಿಲ್ಲದೆ ಬಹುತೇಕ ಮುಗಿದಿದೆ. ಮಾರ್ಡನ್ ರೈಲುಗಳು ಹೆಚ್ಚಾಗಿ ಬ್ಯಾಂಕ್ ದಾರಿಯವು. ಚಾರಿಂಗ್ ಕ್ರಾಸ್ ದಾರಿಯವು ಹೆಚ್ಚಾಗಿ ಬ್ಯಾಟರ್‌ಸೀಗೆ. ಬದಲಿಸುವ ಜಾಗ ಕೆನ್ನಿಂಗ್ಟನ್. ಬ್ಯಾಟರ್‌ಸೀ ಸುರಂಗ ಕೊರೆಯುವಾಗಲೇ ಕೆನ್ನಿಂಗ್ಟನ್‌ನ ಪ್ಲಾಟ್‌ಫಾರ್ಮುಗಳ ನಡುವೆ ಹೊಸ ಅಡ್ಡ ದಾರಿಗಳನ್ನೂ ಮಾಡಿದರು. ಅಂದರೆ ಜನ ಹೆಚ್ಚು ಬದಲಿಸುತ್ತಾರೆ ಅಂತ ಗೊತ್ತಿದ್ದು, ಮೊದಲೇ ಜಾಗ ಮಾಡಿಕೊಟ್ಟರು. ಸರಿಯಾದ ಕ್ರಮ ಇದೇ. ಆದರೆ ಆ ದುಡ್ಡು ಬಂದದ್ದು ಎಲ್ಲಿಂದ? ಬ್ಯಾಟರ್‌ಸೀಯ ಹಳೆಯ ವಿದ್ಯುತ್ ಸ್ಥಾವರದ ಸುತ್ತ ಎದ್ದ ಹೊಸ ಕಟ್ಟಡಗಳಿಂದ. ಕಟ್ಟಿದವರ ಕೊಡುಗೆ, ಮುಂದೆ ಅಲ್ಲಿಂದ ಬರುವ ತೆರಿಗೆ, ಇವುಗಳ ಮೇಲೆ ಸಾಲ ಎತ್ತಿ ಸುಮಾರು 3 ಕಿಲೋಮೀಟರ್ ಸುರಂಗ ಮಾಡಿದರು. ಹೊಸ ನಿಲ್ದಾಣ ಬಂದರೆ ಜಾಗದ ಬೆಲೆ ಏರುತ್ತದೆ, ಹಾಗಾಗಿ ದುಡ್ಡು ಹುಟ್ಟುತ್ತದೆ. ಕ್ಯಾಮ್ಡೆನ್‌ನ ಅಡ್ಡ ದಾರಿ ನಾಲ್ಕು ಅಡಿ ಅಗಲವಾದರೆ ಯಾರ ಜಾಗದ ಬೆಲೆ ಏರುತ್ತದೆ? ಲಾಭ ಸಿಗುವುದು ದಿನಾ ಓಡಾಡುವ ಲಕ್ಷಾಂತರ ಜನಕ್ಕೆ, ಒಬ್ಬೊಬ್ಬರಿಗೂ ಚೂರು ಚೂರು. ಅಂಥ ಲಾಭಕ್ಕೆ ಮುಂದೆ ಬಂದು ದುಡ್ಡು ಹಾಕುವವರು ಇರುವುದಿಲ್ಲ. ಸರಕಾರವೇ ಹಾಕಬೇಕು.

ಹಾಕಿದರೆ ಆಗುತ್ತದೆ ಅನ್ನುವುದಕ್ಕೆ ಇದೇ ಲೈನಿನ ಬ್ಯಾಂಕ್ ನಿಲ್ದಾಣ ನೋಡಿ. 2022ರ ಜನವರಿಯಿಂದ ಮೇ ತನಕ 17 ವಾರ ಆ ಭಾಗವನ್ನು ಮುಚ್ಚಿ, ದಕ್ಷಿಣಕ್ಕೆ ಹೋಗುವ ರೈಲಿಗೆ ಹೊಸ ಸುರಂಗ, ಹೊಸ ಪ್ಲಾಟ್‌ಫಾರ್ಮ್ ಜೋಡಿಸಿದರು. ಹಳೆಯ ಪ್ಲಾಟ್‌ಫಾರ್ಮನ್ನೂ ಅದರ ಹಳಿಯ ಜಾಗವನ್ನೂ ಸೇರಿಸಿ ಜನ ಓಡಾಡುವ ಅಗಲವಾದ ದಾರಿ ಮಾಡಿದರು. ಮೊದಲು ಅಲ್ಲಿ ಒಬ್ಬರ ಹೆಗಲಿಗೊಬ್ಬರು ತಾಗಿ ನಡೆಯಬೇಕಿತ್ತು.

ನಮ್ಮ ದೇಶದಲ್ಲೂ ಈ ಎರಡೂ ಬಗೆ ಇವೆ. ದೆಹಲಿ ಮೆಟ್ರೋದ ಬ್ಲೂ ಲೈನ್ ಯಮುನಾ ಬ್ಯಾಂಕ್ ನಿಲ್ದಾಣದಲ್ಲಿ ಕವಲೊಡೆಯುತ್ತದೆ, ಒಂದು ನೋಯ್ಡಾಕ್ಕೆ, ಇನ್ನೊಂದು ವೈಶಾಲಿಗೆ. ಕವಲಿನವರಿಗೆ ಸಿಗುವುದು ಮುಖ್ಯ ಲೈನಿನ ರೈಲುಗಳಲ್ಲಿ ಒಂದು ಪಾಲು ಮಾತ್ರ. ಬೆಂಗಳೂರಿನ ನಮ್ಮ ಮೆಟ್ರೋ ಬೇರೆ ದಾರಿ ಹಿಡಿಯಿತು. ನೇರಳೆ, ಹಸಿರು, 2025ರಲ್ಲಿ ಬಂದ ಹಳದಿ, ಎಲ್ಲವೂ ಬೇರೆ ಬೇರೆ. ಒಂದರ ರೈಲು ಇನ್ನೊಂದಕ್ಕೆ ಹೋಗುವುದಿಲ್ಲ. ಅಲ್ಲಿ ಕೆಲಸ ಮಾಡುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಮೆಜೆಸ್ಟಿಕ್‌ನಲ್ಲೋ ಆರ್‌.ವಿ. ರೋಡ್‌ನಲ್ಲೋ ಇಳಿದು ಹತ್ತುತ್ತಾರೆ. ಲೈನ್ ಬೇರೆ ಮಾಡಿದ್ದಕ್ಕೆ ಅವರು ಬೈಯುವುದನ್ನು ನಾನು ಕೇಳಿಲ್ಲ. ದಟ್ಟಣೆ ಹೊತ್ತಿನಲ್ಲಿ ಮೆಜೆಸ್ಟಿಕ್‌ನ ಮೆಟ್ಟಿಲು, ಎಸ್ಕಲೇಟರ್ ಹತ್ತಿರದ ನೂಕುನುಗ್ಗಲಿಗೆ ಬೈಯುವುದನ್ನು ಬೇಕಾದಷ್ಟು ಕೇಳಿದ್ದೇನೆ. ಬಿಡಿಸಿದ ಲೈನಿನ ಗುಣ ನಿರ್ಧಾರ ಆಗುವುದು ಬದಲಿಸುವ ನಿಲ್ದಾಣದಲ್ಲಿ.

ಮೊದಲು ಹೆಸರನ್ನಾದರೂ ಬೇರೆ ಮಾಡಿ ಅನ್ನುವವರಿದ್ದಾರೆ. ಲಂಡನ್ನಿನ ಓವರ್‌ಗ್ರೌಂಡ್ ರೈಲಿಗೆ 2024ರಲ್ಲಿ ಹಾಗೆ ಮಾಡಿದರು. ಒಂದೇ ಕಿತ್ತಳೆ ಬಣ್ಣದಲ್ಲಿದ್ದ ಜಾಲಕ್ಕೆ ಆರು ಹೆಸರು, ಆರು ಬಣ್ಣ. ಅಲ್ಲಿ ಅದು ಒಳ್ಳೆಯದೇ ಆಯಿತು, ಯಾಕೆಂದರೆ ಆ ದಾರಿಗಳು ಮೊದಲೇ ಬೇರೆ ಬೇರೆಯಾಗಿ ಓಡುತ್ತಿದ್ದವು. ನಾರ್ದರ್ನ್ ಲೈನಿನಲ್ಲಿ ರೈಲುಗಳು ಇನ್ನೂ ಬೆರೆಯುತ್ತಿರುವಾಗ ಎರಡು ಹೆಸರು ಕೊಟ್ಟರೆ ಎಜ್‌ವೇರ್‌ನ ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಗೊಂದಲ ಜಾಸ್ತಿಯೇ ಆಗುತ್ತದೆ. ಹೆಸರು ಕೊನೆಗೆ ಬರಲಿ.

ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಲೈನ್ ಬಿಡಿಸಬೇಕು. ಆದರೆ ಕ್ಯಾಮ್ಡೆನ್‌ನಲ್ಲಿ ಲಿಫ್ಟ್, ಎಸ್ಕಲೇಟರ್, ಅಗಲ ದಾರಿ ಆದ ಮೇಲೆ. ಅದಕ್ಕಿಂತ ಮೊದಲು ವೇಳಾಪಟ್ಟಿಯಲ್ಲಿ ನೇರ ರೈಲುಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತಾ ಹೋಗುವುದು ಬೇಡ. ಹಾಗೆ ಮಾಡಿದರೆ ನಷ್ಟ ಮೊದಲು ಬರುತ್ತದೆ, ಲಾಭ ಬರುವ ಖಾತ್ರಿ ಇರುವುದಿಲ್ಲ.

ಈ ನಿರ್ಧಾರವನ್ನು ಮುಂದೂಡಲು ಇನ್ನು ಬಹಳ ಕಾಲ ಆಗುವುದಿಲ್ಲ. ನಾರ್ದರ್ನ್ ಲೈನಿನ 106 ರೈಲುಗಳು 1998ರಿಂದ ಓಡಲು ಶುರು ಮಾಡಿದವು. ಅವಕ್ಕೆ ವಯಸ್ಸಾಗುತ್ತಿದೆ. ಹೊಸ ರೈಲು ಎಷ್ಟು ಬೇಕು ಎನ್ನುವುದು ತಾಸಿಗೆ ಎಷ್ಟು ಓಡಿಸುತ್ತೀರಿ ಎನ್ನುವುದರ ಮೇಲೆ ನಿಂತಿದೆ. ತಾಸಿಗೆ 24 ಅಂತ ಲೆಕ್ಕ ಹಾಕಿ ಕೊಂಡರೆ, ಮುಂದೆ ಕ್ಯಾಮ್ಡೆನ್ ಸರಿಯಾದರೂ 30 ಓಡಿಸಲು ರೈಲೇ ಇರುವುದಿಲ್ಲ. 30ರ ಲೆಕ್ಕದಲ್ಲಿ ಕೊಂಡು ಕ್ಯಾಮ್ಡೆನ್ ಹಾಗೇ ಬಿಟ್ಟರೆ ಹೆಚ್ಚಿನ ರೈಲುಗಳು ಡಿಪೋದಲ್ಲಿ ನಿಲ್ಲುತ್ತವೆ. ರೈಲಿನ ಆರ್ಡರ್ ಕೊಡುವ ಕಾಗದವೂ ನಿಲ್ದಾಣದ ನಕ್ಷೆಯೂ ಒಂದೇ ಮೇಜಿನ ಮೇಲೆ ಒಟ್ಟಿಗೆ ಬರಬೇಕು. ಶಾಲೆಯ ಜಾಗದ ಆ ಎರಡನೆಯ ನಕ್ಷೆಯನ್ನು ಮತ್ತೆ ತೆಗೆಯಲು ಇದಕ್ಕಿಂತ ಒಳ್ಳೆಯ ಕಾರಣ ಸಿಗುವುದಿಲ್ಲ.